ಮನೆಯ ದೀಪವೂ ಗಿಡದ ದೀಪವೂ

ಮೃಗಶಿರೆ ಮಳೆ ಹಿಡಿಯಿತೆಂದರೆ ನಮ್ಮ ತೊರಪಳ್ಳಿಯ ಕಡೆ ಹಗಲಿನಲ್ಲಿಯೇ ದೀಪ ಹಚ್ಚುವ ಕಾಲ ಬಂದಿತೆಂದು ತಿಳಿಯಬೇಕು. ಗೂಡಲೂರಿನಿಂದ ಮುದುಮಲೆಯ ಕಾಡಿನವರೆಗೆ ಮೋಡ ಕವಿದುಕೊಂಡು, ಆಶ್ಲೇಷೆ ಮುಗಿಯುವವರೆಗೂ ಸೂರ್ಯದರ್ಶನವೇ ಅಪರೂಪವಾಗುತ್ತದೆ. ಆ ದಿನಗಳಲ್ಲಿ ಮನೆಯೊಳಗೆ ಎರಡು ಜೀವಗಳು ಬೆಳಕಿಗಾಗಿ ಕಾದಿರುತ್ತವೆ. ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತ ಮಗು ಒಂದು. ಕಿಟಕಿಯ ಬಳಿಯ ಕುಂಡದಲ್ಲಿರುವ ಗಿಡ ಇನ್ನೊಂದು. ಇವೆರಡಕ್ಕೂ ಈಗ ನಾವು ಒದಗಿಸುವ ಬೆಳಕು ಎಲ್.ಇ.ಡಿ. ದೀಪದ್ದೇ ಆಗಿದೆ.

ಮಕ್ಕಳ ತಾಯಿತಂದೆಗಳು ಶಾಲೆಗೆ ಬಂದಾಗ ಈ ದೀಪಗಳ ವಿಷಯವಾಗಿ ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುವುದುಂಟು. ಮಗುವಿನ ಓದಿಗೆ ಎಷ್ಟು ವ್ಯಾಟಿನ ದೀಪ ತರಬೇಕು ಎಂಬುದು ಮೊದಲನೆಯದು. ಗಿಡ ಬೆಳೆಸುವ ದೀಪವೆಂದು ಅಂಗಡಿಗಳಲ್ಲಿ ಮಾರುವ ನೇರಳೆ ಬಣ್ಣದ ದೀಪಕ್ಕೆ ಹಣ ಹಾಕಬಹುದೇ ಎಂಬುದು ಎರಡನೆಯದು. ಕೂಲಿಯಿಂದಲೂ ಅಲ್ಪ ಭೂಮಿಯಿಂದಲೂ ಜೀವನ ಸಾಗಿಸುವ ಸಂಸಾರಗಳಿಗೆ ಇವು ಸಣ್ಣ ಪ್ರಶ್ನೆಗಳಲ್ಲ. ತಪ್ಪು ದೀಪಕ್ಕೆ ಕೊಟ್ಟ ಹಣ ಹಿಂದಿರುಗಿ ಬರುವುದಿಲ್ಲ, ಮಬ್ಬಿನಲ್ಲಿ ಓದಿದ ವರ್ಷವೂ ಹಿಂದಿರುಗುವುದಿಲ್ಲ. ಆದುದರಿಂದ ವಿದ್ಯಾರ್ಥಿಗಳಿಗೂ ಅವರ ಹಿರಿಯರಿಗೂ ಏಕಕಾಲದಲ್ಲಿ ಪ್ರಯೋಜನವಾಗುವಂತೆ ಈ ವಿಷಯವನ್ನು ಇಲ್ಲಿ ವಿವರಿಸಲಾಗುವುದು.

ವಿದ್ಯುದ್ದೀಪಕ್ಕೂ ನಮ್ಮ ನಾಡಿಗೂ ಹಳೆಯ ನಂಟು ಇದೆ. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ನೆಯ ಇಸವಿ ಆಗಸ್ಟ್ 5ರಂದು ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ನಮ್ಮ ನೀಲಗಿರಿಯಲ್ಲಿಯೇ ಪೈಕಾರಾ ನದಿಯ ನೀರು ಮಸಿನಗುಡಿಗೆ ಸಮೀಪದ ಸಿಂಗಾರದ ವಿದ್ಯುದಾಗಾರಕ್ಕೆ ಇಳಿದು 1932ರಿಂದ ವಿದ್ಯುತ್ತನ್ನು ಕೊಡತೊಡಗಿತು. ಆದರೆ ಅಂದಿನ ಬುರುಡೆ ದೀಪ ಬೆಳಕಿನ ಯಂತ್ರ ಎನ್ನುವುದಕ್ಕಿಂತ ಒಲೆ ಎನ್ನುವುದೇ ಮೇಲು. ಗಾಜಿನೊಳಗಿನ ಸೂಕ್ಷ್ಮ ತಂತಿಯನ್ನು ಕೆಂಡದಂತೆ ಕಾಯಿಸಿ, ಆ ಕಾವಿನ ಜೊತೆಗೆ ಬರುವ ಬೆಳಕನ್ನು ನಾವು ಉಪಯೋಗಿಸುತ್ತಿದ್ದೆವು. ಕೊಟ್ಟ ವಿದ್ಯುತ್ತಿನ ಬಹುಭಾಗ ಶಾಖವಾಗಿಯೇ ಕಳೆದುಹೋಗುತ್ತಿತ್ತು.

ಎಲ್.ಇ.ಡಿ. ದೀಪದಲ್ಲಿ ಕಾಯಿಸುವ ತಂತಿಯಿಲ್ಲ. ಅದರೊಳಗಿರುವುದು ಅರೆವಾಹಕವೆಂಬ ಪದಾರ್ಥದ ಸಣ್ಣ ಚೂರು. ತಾಮ್ರದಂತೆ ವಿದ್ಯುತ್ತನ್ನು ಸರಾಗವಾಗಿ ಬಿಡದೆ, ಗಾಜಿನಂತೆ ಪೂರ್ತಿಯಾಗಿ ತಡೆಯದೆ, ನಡುವಣ ಗುಣವುಳ್ಳದ್ದು ಅರೆವಾಹಕ. ಇಂಥ ಚೂರಿನ ಒಂದು ಪಾರ್ಶ್ವದಲ್ಲಿ ಎಲೆಕ್ಟ್ರಾನುಗಳು ಹೆಚ್ಚಾಗಿರುವಂತೆಯೂ, ಇನ್ನೊಂದು ಪಾರ್ಶ್ವದಲ್ಲಿ ಅವುಗಳಿಗೆ ತೆರವಾದ ಸ್ಥಳಗಳು ಇರುವಂತೆಯೂ ಮಾಡಿರುತ್ತಾರೆ. ವಿದ್ಯುತ್ತು ಹರಿದಾಗ ಎಲೆಕ್ಟ್ರಾನುಗಳು ಗಡಿಯನ್ನು ದಾಟಿ ತೆರವಾದ ಸ್ಥಳಗಳಲ್ಲಿ ಬೀಳುತ್ತವೆ. ಬೀಳುವಾಗ ಬಿಟ್ಟುಕೊಡುವ ಶಕ್ತಿಯೇ ಬೆಳಕಾಗಿ ಹೊಮ್ಮುತ್ತದೆ. ಅರೆವಾಹಕಗಳ ವಿದ್ಯೆಯಲ್ಲಿ ಮೊದಲು ಹೆಜ್ಜೆಯಿಟ್ಟವರಲ್ಲಿ ನಮ್ಮ ದೇಶದ ಜಗದೀಶಚಂದ್ರ ಬೋಸರೂ ಒಬ್ಬರೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಗೆಲೀನಾ ಎಂಬ ಸೀಸದ ಅದಿರಿನ ಹರಳಿನಿಂದ ವಿದ್ಯುತ್ತರಂಗಗಳನ್ನು ಗುರುತಿಸುವ ಅವರ ಸಾಧನಕ್ಕೆ 1904ರಲ್ಲಿ ಅಮೆರಿಕೆಯಲ್ಲಿ ಪೇಟೆಂಟು ದೊರೆಯಿತು. ಗಿಡಗಳ ಬೆಳವಣಿಗೆಯನ್ನು ಅಳೆಯುವ ಕ್ರೆಸ್ಕೋಗ್ರಾಫ್ ಯಂತ್ರವನ್ನು ನಿರ್ಮಿಸಿದವರೂ ಅವರೇ.

ಕೆಂಪು ಬೆಳಕಿನ ಎಲ್.ಇ.ಡಿ.ಯನ್ನು 1962ರಲ್ಲಿ ಅಮೆರಿಕೆಯ ನಿಕ್ ಹೊಲೊನ್ಯಾಕ್ ಸಿದ್ಧಪಡಿಸಿದರು. ಆದರೆ ಪ್ರಖರವಾದ ನೀಲಿ ಬೆಳಕು ದೊರೆಯುವವರೆಗೆ ಬಿಳಿಯ ಮನೆದೀಪ ಸಾಧ್ಯವಾಗಲಿಲ್ಲ. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಇಂದಿನ ಬಿಳಿಯ ದೀಪದ ಒಳಗಿರುವುದು ಸಾಮಾನ್ಯವಾಗಿ ನೀಲಿ ಎಲ್.ಇ.ಡಿ.ಯೇ, ಅದರ ಮೇಲೆ ಬಳಿದ ಹಳದಿ ಬಣ್ಣದ ರಂಜಕದ ಲೇಪ ನೀಲಿಯ ಒಂದು ಭಾಗವನ್ನು ಹಸುರು, ಹಳದಿ, ಕೆಂಪುಗಳಾಗಿ ಮಾರ್ಪಡಿಸುತ್ತದೆ. ಎಲ್ಲವೂ ಕೂಡಿ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಈ ಸಂಗತಿ ಗಿಡದ ದೀಪದ ವಿಚಾರದಲ್ಲಿ ಮುಂದೆ ಉಪಯೋಗಕ್ಕೆ ಬರುವುದು.

ಈಗ ದೀಪದ ಆಯ್ಕೆಗೆ ಬರೋಣ. ಅಂಗಡಿಯಲ್ಲಿ ನಾವು ಮೊದಲು ಕೇಳುವುದು ವ್ಯಾಟನ್ನು. ವ್ಯಾಟೆಂಬುದು ದೀಪ ತಿನ್ನುವ ವಿದ್ಯುತ್ತಿನ ಅಳತೆಯೇ ಹೊರತು ಕೊಡುವ ಬೆಳಕಿನ ಅಳತೆಯಲ್ಲ. ಹಸು ತಿಂದ ಹುಲ್ಲಿನ ಲೆಕ್ಕದಿಂದ ಕರೆದ ಹಾಲಿನ ಲೆಕ್ಕ ಹೇಳಲಾಗದಷ್ಟೆ! ಬೆಳಕಿನ ಅಳತೆಗೆ ಲ್ಯೂಮೆನ್ ಎಂದು ಹೆಸರು. ಅದನ್ನು ದೀಪದ ಪೆಟ್ಟಿಗೆಯ ಮೇಲೆ ಮುದ್ರಿಸಿರುತ್ತಾರೆ. 60 ವ್ಯಾಟಿನ ಹಳೆಯ ಬುರುಡೆ ದೀಪ ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು. ಒಳ್ಳೆಯ 9 ವ್ಯಾಟಿನ ಎಲ್.ಇ.ಡಿ. ದೀಪ ಸುಮಾರು 900 ಲ್ಯೂಮೆನ್ ಕೊಡುತ್ತದೆ. ದಿನಕ್ಕೆ ಐದು ಗಂಟೆ ಉರಿಸಿದರೆ ಬುರುಡೆ ದೀಪಕ್ಕೆ ತಿಂಗಳಿಗೆ 9 ಯೂನಿಟ್ ಬೇಕು, ಎಲ್.ಇ.ಡಿ.ಗೆ 1.35 ಯೂನಿಟ್ ಸಾಕು. ಮೇಲಿನ ತರಗತಿಯ ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಿ ತಾಯಿತಂದೆಗಳಿಗೆ ತೋರಿಸಬೇಕು. ದೇಶದಲ್ಲಿ 2015ರ ಜನವರಿಯಿಂದ ಉಜಾಲಾ ಯೋಜನೆಯ ಮೂಲಕ ಸರಕಾರ ಈ ದೀಪಗಳನ್ನು ಮನೆಮನೆಗೆ ಹಂಚಿದ್ದು ಈ ಉಳಿತಾಯಕ್ಕಾಗಿಯೇ.

ಪೆಟ್ಟಿಗೆಯ ಮೇಲೆ ಲ್ಯೂಮೆನ್ ಅಲ್ಲದೆ ಇನ್ನೂ ಮೂರು ವಿಷಯಗಳನ್ನು ಓದತಕ್ಕದ್ದು. ಮೊದಲನೆಯದು ಬೆಳಕಿನ ಬಣ್ಣ. ಇದನ್ನು ಕೆಲ್ವಿನ್ ಎಂಬ ಅಂಕೆಯಿಂದ ಸೂಚಿಸುತ್ತಾರೆ. 2700ರಿಂದ 3000 ಕೆಲ್ವಿನ್ ದೀಪ ಹಣತೆಯ ಹೊಂಬಣ್ಣದ ಕಡೆಗೆ ವಾಲಿರುತ್ತದೆ, 6500 ಕೆಲ್ವಿನ್ ದೀಪ ನೀಲಿ ಬೆರೆತ ಬೆಳ್ಳಗಿನದು, 4000 ನಡುವಣದು. ಓದಿಗೆ ನಡುವಣದು ಹಿತ. ಮಲಗುವ ಕೋಣೆಗೆ ಹೊಂಬಣ್ಣದ್ದೇ ತಕ್ಕುದು. ಏಕೆಂದರೆ ರಾತ್ರಿ ಹೊತ್ತಿನ ನೀಲಿಭರಿತ ಬೆಳಕು ನಿದ್ರೆಯನ್ನು ತಡಮಾಡುತ್ತದೆ. ಎರಡನೆಯದು ಸಿ.ಆರ್.ಐ. ಎಂಬ ಅಂಕೆ. ಬಣ್ಣಗಳು ಹಗಲಿನಲ್ಲಿ ಕಂಡಂತೆ ದೀಪದ ಕೆಳಗೂ ಕಾಣುವುವೇ ಎಂಬುದನ್ನು ಅದು ಹೇಳುತ್ತದೆ, 80ಕ್ಕೆ ಕಡಿಮೆಯಿರಬಾರದು. ಮೂರನೆಯದು ಭಾರತೀಯ ಮಾನಕ ಸಂಸ್ಥೆಯ ಗುರುತು ಮತ್ತು ನಕ್ಷತ್ರಗಳ ಚೀಟಿ. ನಕ್ಷತ್ರಗಳು ಹೆಚ್ಚಿದಷ್ಟೂ ಪ್ರತಿ ವ್ಯಾಟಿಗೆ ದೊರೆಯುವ ಬೆಳಕು ಹೆಚ್ಚು. ಇವಾವುವೂ ಇಲ್ಲದೆ ಸಂತೆಯಲ್ಲಿ ರಾಶಿ ಹಾಕಿ ಮಾರುವ ದೀಪ ಬೆಲೆಗೆ ಅಗ್ಗವಾದರೂ ಬಾಳಿಕೆಗೆ ದುಬಾರಿಯೇ ಸರಿ.

ಇನ್ನೊಂದು ಪರೀಕ್ಷೆಗೆ ಪೆಟ್ಟಿಗೆಯೂ ಬೇಡ. ಕತ್ತಲೆ ಕೋಣೆಯಲ್ಲಿ ದೀಪವೊಂದನ್ನೇ ಹಚ್ಚಿ, ಅದರ ಕೆಳಗೆ ಒಂದು ಪೆನ್ಸಿಲನ್ನು ಬೀಸಣಿಗೆಯಂತೆ ರಭಸವಾಗಿ ಅಲ್ಲಾಡಿಸಿರಿ. ಪೆನ್ಸಿಲು ಒಂದೇ ಮಸುಕಾದ ಪಟ್ಟೆಯಂತೆ ಕಂಡರೆ ಬೆಳಕು ಸ್ಥಿರವಾಗಿದೆ. ಬಿಡಿಬಿಡಿಯಾಗಿ ಹಲವು ಪೆನ್ಸಿಲುಗಳು ಕಂಡರೆ, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತಿದೆಯೆಂದು ತಿಳಿಯಿರಿ. ಇಂಥ ದೀಪದಡಿ ಬಹಳ ಹೊತ್ತು ಓದಿದರೆ ಕೆಲವರಿಗೆ ಕಣ್ಣು ದಣಿಯುತ್ತದೆ, ತಲೆನೋವು ಬರುತ್ತದೆ. ಅದನ್ನು ಬಚ್ಚಲಿಗೋ ಉಗ್ರಾಣಕ್ಕೋ ಹಾಕಿ, ಓದಿಗೆ ಬೇರೊಂದನ್ನು ಇಡಬಹುದು.

ದೀಪವನ್ನು ಆರಿಸುವುದಕ್ಕಿಂತಲೂ ಮುಖ್ಯವಾದುದು ಅದನ್ನು ಇಡುವ ಸ್ಥಳ. ಬೆಳಕು ಒಂದು ಸಣ್ಣ ದೀಪದಿಂದ ಹರಡುವಾಗ ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ಮೂರರಷ್ಟಾದರೆ ಒಂಬತ್ತರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಒಂದು ಸ್ಥಳದ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಮೇಲೆ ಹೇಳಿದ 900 ಲ್ಯೂಮೆನ್ ದೀಪ ಒಂದಡಿಯ ದೂರದಲ್ಲಿ ಸುಮಾರು 1500 ಲಕ್ಸ್ ಕೊಟ್ಟರೆ, ಎರಡಡಿಯಲ್ಲಿ ಸುಮಾರು 375, ಆರಡಿಯಲ್ಲಿ ಸುಮಾರು 42 ಮಾತ್ರ ಕೊಡುತ್ತದೆ. ಗೋಡೆಗಳಿಂದ ಹಿಂದಿರುಗಿ ಬರುವ ಬೆಳಕು ಇದಕ್ಕೆ ಸ್ವಲ್ಪ ಸೇರಬಹುದು; ಸುಣ್ಣ ಬಳಿದ ಬಿಳಿಗೋಡೆಗಳಿದ್ದರೆ ಹೆಚ್ಚು, ಹೊಗೆ ಹಿಡಿದ ಗೋಡೆಗಳಿದ್ದರೆ ಕಡಿಮೆ. ಓದುಬರಹಕ್ಕೆ ಸುಮಾರು 300 ಲಕ್ಸ್ ಬೇಕು. ಸೂರಿನ ತೊಲೆಗೆ ಕಟ್ಟಿದ ದೀಪದ ಕೆಳಗೆ ನೆಲದಲ್ಲಿ ಕುಳಿತು ಓದುವ ಮಗುವಿಗೆ ಇಷ್ಟು ಬೆಳಕು ಸಿಗುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು. ಆಗ ನಾವು ಮಾಡುವುದೇನು? ಇನ್ನೂ ದೊಡ್ಡ ದೀಪವನ್ನು ತಂದು ಅದೇ ತೊಲೆಗೆ ಹಾಕುತ್ತೇವೆ. ಮಾಡಬೇಕಾದುದು, ಅದೇ 9 ವ್ಯಾಟಿನ ದೀಪವನ್ನು ಪುಸ್ತಕದಿಂದ ಎರಡಡಿ ದೂರಕ್ಕೆ ಇಳಿಸುವುದು. ಬಲಗೈಯಿಂದ ಬರೆಯುವವರಿಗೆ ದೀಪ ಎಡಗಡೆಯಿರಲಿ, ಕಣ್ಣಿಗೆ ನೇರವಾಗಿ ಹೊಡೆಯದಂತೆ ಮುಸುಕಿರಲಿ. ಕೋಣೆಯ ಉಳಿದ ಭಾಗದಲ್ಲಿಯೂ ಒಂದು ಮಂದದೀಪವಿದ್ದರೆ ಕಣ್ಣಿಗೆ ಆಯಾಸ ಕಡಿಮೆ.

ಇದೇ ನಿಯಮ ಗಿಡಕ್ಕೂ ಅನ್ವಯಿಸುತ್ತದೆ. ಆದರೆ ಗಿಡದ ಹಸಿವು ಕಣ್ಣಿನ ಹಸಿವಿಗಿಂತ ಬಹಳ ದೊಡ್ಡದು. ಬಿಸಿಲಿನಲ್ಲಿ ಹೊರಗೆ ನಿಂತರೆ ಸುಮಾರು ಒಂದು ಲಕ್ಷ ಲಕ್ಸ್ ಬೆಳಕಿರುತ್ತದೆ. ದಟ್ಟವಾಗಿ ಮೋಡ ಕವಿದ ದಿನವೂ ಬಯಲಿನಲ್ಲಿ ಐದು ಹತ್ತು ಸಾವಿರ ಇರಬಹುದು. ನಮ್ಮ ಕಣ್ಣಿನ ಪಾಪೆ ತನ್ನನ್ನು ತಾನೇ ಹೊಂದಿಸಿಕೊಳ್ಳುವುದರಿಂದ 300 ಲಕ್ಸ್ ಕೋಣೆಯೂ ನಮಗೆ ಬೆಳಕಾಗಿಯೇ ತೋರುತ್ತದೆ. ಗಿಡಕ್ಕೆ ಇಂಥ ಸೌಕರ್ಯವಿಲ್ಲ. ಬೆಳಕು ಅದಕ್ಕೆ ಅನ್ನವಾದುದರಿಂದ, ನಮಗೆ ಸಾಕೆನಿಸುವ ಕೋಣೆಯಲ್ಲಿ ಅದು ಉಪವಾಸವಿರುತ್ತದೆ. ಕಾಂಡ ನೀಳವಾಗಿ ಬಿಳಿಚಿಕೊಂಡು ಕಿಟಕಿಯ ಕಡೆಗೆ ಬಾಗುವುದು ಉಪವಾಸದ ಗುರುತು. ಅದನ್ನು ಕಂಡು ಹೆಚ್ಚು ನೀರು ಹೊಯ್ದರೆ ಬೇರು ಕೊಳೆಯುತ್ತದೆಯೇ ಹೊರತು ಹಸಿವು ತೀರುವುದಿಲ್ಲ.

ಗಿಡಗಳ ಎಲೆಯಲ್ಲಿರುವ ಪತ್ರಹರಿತ್ತು ಮುಖ್ಯವಾಗಿ ನೀಲಿ ಮತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನೇರಳೆ ಬಣ್ಣದ ಗಿಡದೀಪಗಳಲ್ಲಿ ಈ ಎರಡನ್ನೇ ಬೆರೆಸಿರುತ್ತಾರೆ. ಇದು ಸುಳ್ಳು ವಿದ್ಯೆಯಲ್ಲ. ಮುಚ್ಚಿದ ಕೊಠಡಿಗಳಲ್ಲಿ ಬೆಳೆ ತೆಗೆಯುವವರಿಗೆ ಇದರಿಂದ ಉಪಯೋಗವುಂಟು. ಆದರೆ ಮನೆಗೆ ಇದು ಅವಶ್ಯವಲ್ಲ. ಹಸುರು ಬೆಳಕನ್ನು ಎಲೆ ಪೂರ್ತಿಯಾಗಿ ತಳ್ಳಿಬಿಡುತ್ತದೆಂಬುದು ತಪ್ಪು ತಿಳಿವಳಿಕೆ. ಅದರ ಬಹುಭಾಗವನ್ನೂ ಎಲೆ ಹೀರಿ ಉಪಯೋಗಿಸಿಕೊಳ್ಳುತ್ತದೆ. ಬಿಳಿಯ ದೀಪದಲ್ಲಿ ನೀಲಿ, ಹಸುರು, ಕೆಂಪು ಎಲ್ಲವೂ ಇರುವುದನ್ನು ಹಿಂದೆಯೇ ಕಂಡೆವು. ಅಲ್ಲದೆ ನೇರಳೆ ಬೆಳಕಿನಲ್ಲಿ ಎಲೆ ಹಳದಿಯಾದದ್ದಾಗಲಿ, ಹೇನು ಹತ್ತಿದ್ದಾಗಲಿ ಕಣ್ಣಿಗೆ ಕಾಣದು. ಆದುದರಿಂದ ಎರಡನೆಯ ಪ್ರಶ್ನೆಗೆ ಉತ್ತರವಿಷ್ಟೆ: ಕೈಯಲ್ಲಿರುವ ಒಳ್ಳೆಯ ಬಿಳಿಯ ದೀಪವೇ ಸಾಕು, ಅದನ್ನು ಗಿಡದ ಹತ್ತಿರಕ್ಕೆ ಒಯ್ಯಿರಿ.

ಎಷ್ಟು ಹತ್ತಿರ? ಮನಿ ಪ್ಲಾಂಟ್, ಜರಿಗಿಡ, ಆಂಥೂರಿಯಂ ಮುಂತಾದವು ಕಾಡಿನ ಮರಗಳ ನೆರಳಿಗೆ ಒಗ್ಗಿದ ಜಾತಿಗಳು. ಕಿಟಕಿಯ ಬಳಿಯಲ್ಲಿಟ್ಟು, ಮಳೆಗಾಲದಲ್ಲಿ ಮಾತ್ರ 9 ವ್ಯಾಟಿನ ದೀಪವನ್ನು ಒಂದಡಿ ಎತ್ತರದಲ್ಲಿ ಹನ್ನೆರಡು ಗಂಟೆ ಕಾಲ ಉರಿಸಿದರೆ ಅವು ಚೆನ್ನಾಗಿ ಬಾಳುತ್ತವೆ. ಮೆಣಸಿನಕಾಯಿ, ಟೊಮೇಟೊ ಸಸಿಗಳನ್ನು ಮಳೆಯಲ್ಲಿ ಕೊಳೆಯದಂತೆ ಒಳಗೆ ಎಬ್ಬಿಸಬೇಕಾದರೆ ಎರಡು ದೀಪಗಳನ್ನು ಸಸಿಯ ತುದಿಯಿಂದ ಅರ್ಧ ಅಡಿ ಎತ್ತರದಲ್ಲಿ ಕಟ್ಟಿ, ಹದಿನಾಲ್ಕು ಗಂಟೆ ಉರಿಸಬೇಕು. ಸಸಿ ಬೆಳೆದಂತೆಲ್ಲ ದೀಪವನ್ನು ಮೇಲಕ್ಕೆತ್ತಬೇಕು. ಇದಕ್ಕೆ ತಿಂಗಳಿಗೆ ಸುಮಾರು ಏಳೂವರೆ ಯೂನಿಟ್ ತಗಲುತ್ತದೆ. ತುಳಸಿಯನ್ನು ಮಾತ್ರ ದೀಪದ ಕೆಳಗೆ ಇರಿಸಿ ಸಾಕುವ ಸಾಹಸ ಬೇಡ. ಅದು ಬಿಸಿಲಿನ ಗಿಡ. ಅದಕ್ಕೆ ಅಂಗಳದ ಕಟ್ಟೆಯೇ ಯೋಗ್ಯವೆಂದು ನಮ್ಮ ಹಿರಿಯರು ಕಂಡುಕೊಂಡಿದ್ದರು.

ಗಿಡಕ್ಕೆ ಬೆಳಕು ಅನ್ನ ಮಾತ್ರವಲ್ಲ, ಗಡಿಯಾರವೂ ಹೌದು. ನಮ್ಮ ದಾರಿಬದಿಯಲ್ಲೆಲ್ಲ ಬೆಳೆಯುವ ಮುಟ್ಟಿದರೆ ಮುನಿಯಂಥ ಗಿಡವನ್ನು ಕತ್ತಲೆಯಲ್ಲಿಟ್ಟರೂ ಅದು ಹಗಲಿನ ವೇಳೆಗೆ ಎಲೆ ಬಿಚ್ಚಿ ರಾತ್ರಿಯ ವೇಳೆಗೆ ಮಡಿಸುವುದನ್ನು 1729ರಲ್ಲಿ ಫ್ರಾನ್ಸಿನ ಡಿ ಮೆರಾನ್ ಗಮನಿಸಿದನು. 1920ರಲ್ಲಿ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕೆಯ ವಿಜ್ಞಾನಿಗಳು, ಹಲವು ಗಿಡಗಳು ಹೂ ಬಿಡುವುದು ಹಗಲಿರುಳುಗಳ ದೀರ್ಘತೆಯನ್ನು ಅವಲಂಬಿಸಿದೆಯೆಂದು ತೋರಿಸಿಕೊಟ್ಟರು. ಸೇವಂತಿಗೆಗೆ ದೀರ್ಘವಾದ ಇರುಳು ಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆಯ ಹೊಲಗಳಲ್ಲಿ ರಾತ್ರಿ ಸಾಲುಸಾಲಾಗಿ ದೀಪ ಉರಿಯುವುದನ್ನು ಪ್ರಯಾಣಿಕರು ಕಾಣಬಹುದು. ರೈತರು ಇರುಳನ್ನು ಬೆಳಕಿನಿಂದ ತುಂಡರಿಸಿ, ಗಿಡ ಎತ್ತರವಾಗುವವರೆಗೆ ಮೊಗ್ಗನ್ನು ತಡೆಯುತ್ತಾರೆ. ಆಮೇಲೆ ದೀಪವಾರಿಸಿ ಹೂ ತರಿಸುತ್ತಾರೆ. ಇದೇ ಸೇವಂತಿಗೆಯ ಕುಂಡವನ್ನು ನಡುಮನೆಯಲ್ಲಿಟ್ಟು ರಾತ್ರಿ ಹನ್ನೊಂದರವರೆಗೆ ದೀಪ ಉರಿಸಿದರೆ ಅದು ಹೂ ಬಿಡದಿದ್ದರೆ ಆಶ್ಚರ್ಯವಿಲ್ಲ. ಗಿಡದ ದೀಪವನ್ನು ಬೆಳಗ್ಗೆ ಹಚ್ಚಿ ಸಂಜೆ ನಿಯಮಿತ ವೇಳೆಗೆ ಆರಿಸಬೇಕು. ಕತ್ತಲೆಯೂ ಅದರ ಆರೋಗ್ಯಕ್ಕೆ ಬೇಕಾದುದೇ.

ಮಳೆಗಾಲದಲ್ಲಿ ಪಾಲಿಸಬೇಕಾದ ಕೆಲವು ಎಚ್ಚರಿಕೆಗಳುಂಟು. ಕುಂಡಕ್ಕೆ ನೀರು ಹಾಕುವಾಗ, ಎಲೆಗೆ ನೀರು ಚಿಮುಕಿಸುವಾಗ ಮೊದಲು ಸ್ವಿಚ್ಚನ್ನು ಆರಿಸಿರಿ. ಒದ್ದೆಯ ಕೈಯಿಂದ ಹೋಲ್ಡರನ್ನು ಮುಟ್ಟಬೇಡಿರಿ. ತೇವ ಹಿಡಿದ ಗೋಡೆಗೆ ತಾಗುವಂತೆ ತಂತಿಯನ್ನು ಎಳೆಯಬೇಡಿರಿ. ತಂತಿಯ ಕೆಲಸವನ್ನು ಅರಿತವರಿಂದಲೇ ಮಾಡಿಸಿರಿ. ಎಲ್.ಇ.ಡಿ.ಯೂ ಸ್ವಲ್ಪ ಮಟ್ಟಿಗೆ ಕಾಯುತ್ತದೆ. ಗಾಳಿಯಾಡದ ಮುಚ್ಚಿದ ಗಾಜಿನೊಳಗೆ ಹಾಕಿದರೆ ಅದರ ಆಯುಸ್ಸು ತಗ್ಗುತ್ತದೆ. ಗುಡುಗುಸಿಡಿಲಿನ ವೇಳೆ ಆರಿಸಿಡುವುದು ಲೇಸು. ಹಾಳಾಗುವುದು ಬಹುತೇಕ ಬೆಳಕಿನ ಚೂರಲ್ಲ, ಬುಡದಲ್ಲಿರುವ ವಿದ್ಯುತ್ತಿನ ಜೋಡಣೆ. ಗಾಳಿಮಳೆಗೆ ಮರ ಬಿದ್ದು ವಿದ್ಯುತ್ತು ನಿಂತಾಗ, ಒಳಗೆ ಬ್ಯಾಟರಿಯುಳ್ಳ ದೀಪ ಒಂದಿದ್ದರೆ ಮಕ್ಕಳ ಓದು ಕೆಲವು ಗಂಟೆ ಸಾಗೀತು. ಕಾಡಿನ ಅಂಚಿನಲ್ಲಿರುವ ನಾವು ಅಂಗಳದ ದೀಪಕ್ಕೆ ಹೊಂಬಣ್ಣದ್ದನ್ನೇ ಆರಿಸಿ, ಬೆಳಕು ನೆಲದ ಮೇಲೆ ಮಾತ್ರ ಬೀಳುವಂತೆ ಮೇಲೊಂದು ಮುಚ್ಚಳ ಹಾಕುವುದು ಒಳ್ಳೆಯದು. ನೀಲಿ ಬೆರೆತ ಬಿಳಿ ಬೆಳಕಿಗೆ ಹುಳುಗಳು ಹೆಚ್ಚಾಗಿ ಮುತ್ತುತ್ತವೆ. ಕಾಡಿನ ಜೀವಿಗಳಿಗೂ ಇರುಳು ಇರುಳಾಗಿಯೇ ಇರಬೇಕು.

ವಿದ್ಯಾರ್ಥಿಗಳು ಇದನ್ನೆಲ್ಲ ಓದಿ ನಂಬಿದರೆ ಸಾಲದು, ಮಾಡಿ ನೋಡಬೇಕು. ಮೂರು ಗೆರಟೆಗಳಲ್ಲಿ ಒಂದೇ ಮಣ್ಣು ತುಂಬಿ, ಒಂದೊಂದರಲ್ಲಿ ಐದು ಹೆಸರುಕಾಳು ಬಿತ್ತಿರಿ. ಒಂದನ್ನು ಕಿಟಕಿಯಲ್ಲಿ, ಒಂದನ್ನು ದೀಪದಿಂದ ಅರ್ಧ ಅಡಿಯಲ್ಲಿ, ಒಂದನ್ನು ಅದೇ ದೀಪದಿಂದ ನಾಲ್ಕಡಿಯಲ್ಲಿ ಇಡಿರಿ. ಹತ್ತು ದಿನ ಪ್ರತಿ ಬೆಳಗ್ಗೆ ಕಾಂಡದ ಎತ್ತರವನ್ನು ಅಳೆದು, ಎಲೆಯ ಬಣ್ಣವನ್ನು ಬರೆದಿಡಿರಿ. ಅತಿ ಎತ್ತರವಾದ ಸಸಿಯೇ ಅತಿ ದುರ್ಬಲವಾಗಿರುವುದನ್ನು ಕಂಡು ಅದರ ಕಾರಣವನ್ನು ತರಗತಿಯಲ್ಲಿ ಹೇಳಿರಿ.

ಕೊನೆಯದಾಗಿ ತಾಯಿತಂದೆಗಳಲ್ಲಿ ಒಂದು ವಿಜ್ಞಾಪನೆ. ದೀಪ ಎಷ್ಟೇ ಒಳ್ಳೆಯದಾದರೂ ಹಗಲಿನ ಬೆಳಕಿಗೆ ಅದು ಸಾಟಿಯಲ್ಲ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ನಡೆಸಿದ ಒಂದು ಪರೀಕ್ಷೆಯ ಫಲ 2015ರಲ್ಲಿ ಪ್ರಕಟವಾಯಿತು. ದಿನವೂ 40 ನಿಮಿಷ ಹೆಚ್ಚಾಗಿ ಹೊರಗೆ ಕಳೆದ ಮಕ್ಕಳಲ್ಲಿ ಮೂರು ವರ್ಷಗಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಸಮೀಪದೃಷ್ಟಿಯ ದೋಷ ಬಂದರೆ, ಉಳಿದವರಲ್ಲಿ ಸುಮಾರು 40 ಮಂದಿಗೆ ಬಂದಿತ್ತು. ಮಳೆ ಬಿಟ್ಟ ಗಳಿಗೆಯಲ್ಲಿ ಗಿಡದ ಕುಂಡವನ್ನು ಜಗಲಿಗೆ ಒಯ್ಯುವಂತೆಯೇ ಮಗುವನ್ನೂ ಅಂಗಳಕ್ಕೆ ಕಳುಹಿಸಿರಿ. ಸಂಜೆಯಾದ ಮೇಲೆ ಒಂದು ಸಾಧಾರಣ ದೀಪವನ್ನು ಪುಸ್ತಕದ ಹತ್ತಿರಕ್ಕೆ ಇಳಿಸಿ ಕಟ್ಟಿರಿ. ಓದು ಮುಗಿದೊಡನೆ ಆರಿಸಿ ಮಗುವನ್ನು ಮಲಗಿಸಿರಿ. ಇದಕ್ಕೆ ಬೇಕಾದುದು ಒಂದು ಗಜ ತಂತಿ, ಒಂದು ಮೊಳೆ, ಮತ್ತು ಸ್ವಲ್ಪ ವಿಚಾರ ಮಾತ್ರ.